ಕೋಡಿಯ ಮನೆ ಕೊಟ್ಟದ್ದು

ನಮ್ಮ ಕರಾವಳಿಯವರು ಚಳಿಗಾಲವೆಂದರೆ ಘಟ್ಟದ ಮೇಲಿನವರಿಗೆ ನಗು. ಮದುವೆಯಾಗಿ ಶಿವಮೊಗ್ಗಕ್ಕೆ ಹೋದ ಹೊಸತರಲ್ಲಿ ನನ್ನನ್ನೂ ಹೀಗೆ ನಗಾಡಿದ್ದರು. ಆದರೂ ಕೋಡಿಯಲ್ಲಿ ಮಾರ್ಗಶಿರ, ಪುಷ್ಯದ ಬೆಳಗಿನ ಜಾವ ಹೊಳೆಯ ಮೇಲೆ ಮಂಜು ಕೂತಿರುತ್ತದೆ. ಎದುರಿನ ಗಂಗೊಳ್ಳಿ ಕಾಣುವುದಿಲ್ಲ, ಅಲ್ಲಿಂದ ಹೊರಟ ದೋಣಿಯ ಸದ್ದು ಮಾತ್ರ ಕೇಳುತ್ತದೆ. ಹೊದ್ದ ಸೀರೆಯ ಸೆರಗು ಬಿಸಿಲೇರುವವರೆಗೆ ತಲೆಯಿಂದ ಇಳಿಯುವುದಿಲ್ಲ. ನಮ್ಮ ಪಾಲಿಗೆ ಅದು ಚಳಿಯೇ.

ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹರಿಯುವ ಜಾಗಕ್ಕೆ ಕೋಡಿ ಎಂದು ನಿಘಂಟು ಹೇಳುತ್ತದೆ. ನಮ್ಮ ಕೋಡಿಯಲ್ಲಿ ಹೊರಗೆ ಹರಿಯುವುದು ಒಂದು ಕೆರೆಯ ನೀರಲ್ಲ, ಪಂಚಗಂಗಾವಳಿಯ ಐದು ಹೊಳೆಗಳ ನೀರು. ಅಳಿವೆಯ ಬಡಗಕ್ಕೆ ಗಂಗೊಳ್ಳಿ, ತೆಂಕಕ್ಕೆ ನಾವು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ತೆಂಗಿನ ತೋಟದ ಒಂದು ಪಟ್ಟಿ. ಆ ಪಟ್ಟಿಯ ಮೇಲೆ ಇಪ್ಪತ್ತೆರಡು ಸೆಂಟ್ಸು ಜಾಗದಲ್ಲಿ ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು ಇದ್ದ ಮನೆ ನಮ್ಮದಾಗಿತ್ತು. 2018ರ ಚಳಿಗಾಲದಲ್ಲಿ ಅದನ್ನು ಮಾರಲು ಹೊರಟೆವು. ಅಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅಕ್ಕ ಮಣಿಪಾಲದಲ್ಲಿ ಮಗನ ಜೊತೆಗೆ, ಅಣ್ಣ ಬೆಂಗಳೂರಿನಲ್ಲಿ. ಬೀಗ ಹಾಕಿದ ಮನೆಗೆ ಗೆದ್ದಲು ಹಿಡಿಯಲು ಮೂರು ಮಳೆಗಾಲ ಧಾರಾಳವಾಯಿತು.

ಚಳಿಗಾಲವೇ ಏಕೆ? ಅದಕ್ಕೆ ನಮ್ಮ ದಲ್ಲಾಳಿ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: "ತಕಂಬವ್ರ್ ಮಳಿಗಾಲ್ದಗೆ ಕಾಣ್ಕ್, ಕೊಡುವವ್ರ್ ಚಳಿಗಾಲ್ದಗೆ ತೋರ್ಸ್ಕ್." ಕೊಳ್ಳುವವರು ಮಳೆಗಾಲದಲ್ಲಿ ನೋಡಬೇಕಂತೆ, ಮಾರುವವರು ಚಳಿಗಾಲದಲ್ಲಿ ತೋರಿಸಬೇಕಂತೆ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕಡೆ ಯಾವ ಮನೆಗೂ ಮುಖವಿರುವುದಿಲ್ಲ. ಗೋಡೆಯೆಲ್ಲ ಹಸಿರು ಪಾಚಿ, ಬಾಗಿಲು ಉಬ್ಬಿ ಮುಚ್ಚಲಾಗದು, ಅಂಗಳದಲ್ಲಿ ಕಾಲಿಟ್ಟರೆ ಜಾರುತ್ತದೆ. ದೀಪಾವಳಿ ಕಳೆದ ಮೇಲೆ ಅಂಗಳ ಕೆತ್ತಿ, ಸೆಗಣಿ ಸಾರಿಸಿ, ಹಂಡೆಗೆ ಕಾಯಿಸಿಪ್ಪೆ ಉರಿ ಹಾಕಿದರೆ ಮುರುಕು ಮನೆಯೂ ಮನೆಯಂತೆ ಕಾಣುತ್ತದೆ. ಹಳೆಯ ಮನೆ ಕೀಳಿಸುವವರಿಗೂ ಇದೇ ಕಾಲ, ಮರ ಒಣಗಿರುತ್ತದೆ.

ಮನೆ ಕೀಳಿಸುವವರ ಹೆಸರು ಸುಮ್ಮನೆ ಎತ್ತಲಿಲ್ಲ. ನಮ್ಮಲ್ಲಿಗೆ ಮೊದಲು ಬಂದದ್ದು ಮನೆ ಕೊಳ್ಳುವವರಲ್ಲ, ಮರ ಕೊಳ್ಳುವವರು. ಟಾರ್ಚು ಹಿಡಿದು ಅಟ್ಟ ಹತ್ತಿ ಪಕಾಸು, ರೀಪು, ಮುಚ್ಚಿಗೆ, ಬಾಗಿಲುಗಳನ್ನು ಲೆಕ್ಕ ಮಾಡಿ, ನಾವು ಹುಟ್ಟಿದ ಕೋಣೆಯನ್ನು ಘನ ಅಡಿಗಳಲ್ಲಿ ಹೇಳಿದರು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಕರಾವಳಿಯ ಎಷ್ಟೋ ದೊಡ್ಡ ಮನೆಗಳು ಹೀಗೆ ಘನ ಅಡಿಯಾಗಿ ಹೋದವು. ಮಣಿಪಾಲದ ವಿಜಯನಾಥ ಶೆಣೈಯವರು ಅದನ್ನು ನೋಡಲಾಗದೆ ಅಂಥ ಮನೆಗಳನ್ನು ಬಿಚ್ಚಿಸಿ ತಂದು ಮತ್ತೆ ನಿಲ್ಲಿಸಿದರು. ನಮ್ಮ ಕುಂದಾಪುರ ತಾಲೂಕಿನ ಹರ್ಕೂರು ಒಳಗಿನಮನೆಯೂ ಈಗ ಮಣಿಪಾಲದ ಹೆರಿಟೇಜ್ ವಿಲೇಜಿನಲ್ಲಿದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ನಮ್ಮದೇನೂ ಯಾರಾದರೂ ಬಿಚ್ಚಿ ಕೊಂಡೊಯ್ದು ಕಾಪಾಡುವಂಥ ಮನೆಯಲ್ಲ ಬಿಡಿ. ಮೀನು ಮಾರಿದ ದುಡ್ಡಿನಲ್ಲಿ, ರಂಪಣಿ ಬಲೆಯ ಪಾಲಿನ ದುಡ್ಡಿನಲ್ಲಿ ಒಂದೊಂದೇ ಕೋಣೆ ಸೇರಿಸುತ್ತ ಹೋದ ಮೊಗವೀರರ ಮನೆ.

ಕೊನೆಗೆ ಮನೆಯನ್ನು ಮನೆಯಾಗಿಯೇ ಕೊಳ್ಳುವವರು ಸಿಕ್ಕಿದರು. ಕೋಟೇಶ್ವರದ ಕೊಡಿ ಹಬ್ಬದ ಮರುದಿನ ಮುಂಗಡ ಕೊಟ್ಟರು. ಹೊರಗಿನವರಿಗೆ ಕೋಡಿಯೂ ಕೊಡಿಯೂ ಒಂದೇ ಎನಿಸುತ್ತದೆ. ಕೊಡಿ ಎಂದರೆ ಚಿಗುರು. ಹೊಸದಾಗಿ ಮದುವೆಯಾದವರು ಆ ಹಬ್ಬಕ್ಕೆ ಹೋಗಿ ಕಬ್ಬಿನ ಕೊಡಿ ಕೊಂಡು ಮನೆಗೆ ತರುವುದು ರೂಢಿ. ಜನ ಕೊಡಿ ಹಿಡಿದು ಮನೆಗೆ ಹೋಗುವ ಹೊತ್ತಿನಲ್ಲಿ ನಾವು ಕೋಡಿಯ ಮನೆಯನ್ನು ಬಿಡುವ ಕರಾರಿಗೆ ಸಹಿ ಹಾಕಿದ್ದೆವು. ಕೊಳ್ಳುವವರ ಹೆಂಡತಿ ಒಂದು ಮಾತು ಮೊದಲೇ ಹೇಳಿಬಿಟ್ಟರು: ಡಿಸೆಂಬರ್ ಮಧ್ಯದಿಂದ ಧನುರ್ಮಾಸ, ಶೂನ್ಯಮಾಸ, ಆಗ ರಿಜಿಸ್ಟ್ರಿ ಬೇಡ, ಸಂಕ್ರಾಂತಿ ಕಳೆದ ಮೇಲೆಯೇ ಆಗಲಿ. ಅಣ್ಣನಿಗೆ ಬೇಸರವಾಯಿತು. ಆ ಒಂದು ತಿಂಗಳು ಸಿಕ್ಕಿದ್ದರಿಂದಲೇ ನಾನು ಹಳೆಯ ಕಾಗದ ಓದುವಂತಾಯಿತು.

ಅಮ್ಮನ ಕಬ್ಬಿಣದ ಟ್ರಂಕಿನಲ್ಲಿ ಕಾಗದದ ಒಂದು ಕಟ್ಟಿತ್ತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಿದವಳು ನಾನು; ಪಾಣಿಪತ್ ಯುದ್ಧಗಳ ಇಸವಿಗಳು ಬಾಯಿಪಾಠ, ಸ್ವಂತ ಮನೆಯ ಕಾಗದ ಮಾತ್ರ ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ.

ಮನೆ ಮಾರುವ ಪತ್ರ ನಮ್ಮ ಸೀಮೆಗೆ ಹೊಸತಲ್ಲ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಕೆನರಾಕ್ಕೆ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಇಲ್ಲಿನ ಭೂಮಿ ಸರಕಾರದ್ದಲ್ಲ, ಒಕ್ಕಲುಗಳ ಸ್ವಂತದ್ದು, ಅದನ್ನು ಅವರು ತಲೆಮಾರುಗಳಿಂದ ಮಾರುತ್ತ, ಕೊಳ್ಳುತ್ತ, ಅಡವಿಡುತ್ತ ಬಂದಿದ್ದಾರೆ ಎಂಬುದನ್ನು ಕಂಡುಕೊಂಡು ಮೇಲಿನವರಿಗೆ ಬರೆದ. ಎರಡು ವರ್ಷ ತುಂಬುವ ಮೊದಲೇ ಅವನು ಇಲ್ಲಿಂದ ಹೋದದ್ದು ಬೇರೆ ಮಾತು. ನಮ್ಮ ಮಳೆ ಅವನಿಗೆ ಆಗಿಬರಲಿಲ್ಲ. ಹಳೆಯ ಕ್ರಯಪತ್ರಗಳಲ್ಲಿ ಒಂದು ವಾಕ್ಯ ಬರುತ್ತದೆ, ನೀವೂ ನಿಮ್ಮ ಮನೆಯ ಕಾಗದ ತೆಗೆದರೆ ಸಿಕ್ಕೀತು: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗ ತೇಜಸ್ವಾಮ್ಯ ಸಹಿತ ಎಂದು. ವಿಜಯನಗರದ ಕಾಲದ ಶಾಸನಗಳಲ್ಲಿ ಇದ್ದ ಮಾತು ಟೈಪ್‌ರೈಟರಿನವರೆಗೂ ಬಂತು. ನೆಲದೊಳಗೆ ಹೂತಿಟ್ಟದ್ದು, ನೀರು, ಕಲ್ಲು, ಈಗ ಬರುವ ಫಲ, ಮುಂದೆ ಬರಬಹುದಾದ ಫಲ, ಎಲ್ಲವನ್ನೂ ಕೊಟ್ಟೆವೆಂದು ಅರ್ಥ. ಓದುತ್ತ ನನಗೆ ಅನಿಸಿತು, ಎಂಟೂ ಕೊಟ್ಟ ಮೇಲೆ ಕೊಟ್ಟವಳ ಹತ್ತಿರ ಉಳಿಯುವುದೇನು?

ಆದರೆ ನಮ್ಮ ಕಟ್ಟಿನಲ್ಲಿ ಮುಖ್ಯವಾದದ್ದು ಕ್ರಯಪತ್ರವಲ್ಲ. ಮದರಾಸು ಸರಕಾರದ ಛಾಪಾ ಕಾಗದದ ಮೇಲೆ 1953ರಲ್ಲಿ ಬರೆದ ವಿಭಾಗಪತ್ರ. ನಾವು ಆಗ ಮದರಾಸಿಗೆ ಸೇರಿದವರು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ಕ್ಕೆ. ಆ ಪತ್ರದ ಒಂದು ಶಬ್ದದ ಮೇಲೆ ನನ್ನ ಕಣ್ಣು ನಿಂತುಹೋಯಿತು. ಅದನ್ನು ಹೇಳುವ ಮೊದಲು ಅಳಿಯಸಂತಾನದ ಬಗ್ಗೆ ಎರಡು ಮಾತು ಹೇಳಬೇಕು; ಇಂದಿನ ನಮ್ಮ ಹುಡುಗಿಯರಿಗೇ ಅದು ಗೊತ್ತಿಲ್ಲ.

ಬಂಟರು, ಬಿಲ್ಲವರು, ಮೊಗವೀರರು ಮುಂತಾದ ನಮ್ಮಲ್ಲಿ ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತಿತ್ತು. ಮನೆ ಮಗಳದ್ದು, ಮಗಳ ಮಗಳದ್ದು. ಗಂಡುಮಕ್ಕಳು ಬದುಕಿರುವವರೆಗೆ ಆ ಮನೆಯವರು. ಅವರ ಮಕ್ಕಳು ತಮ್ಮ ತಾಯಿಯ ಮನೆಯವರು. ಮೊಗವೀರರಿಗೆ ಬಾರಕೂರಿನ ಬೆಣ್ಣೆಕುದ್ರುವಿನಲ್ಲಿರುವ ದೇವಿಯ ಹೆಸರೇ ಕುಲಮಹಾಸ್ತ್ರೀ. ಈ ಪದ್ಧತಿ ಹೇಗೆ ಬಂತೆಂಬುದಕ್ಕೆ ಅದೇ ಬಾರಕೂರಿನ ಕತೆಯಿದೆ. ರಾಜ ಹೊಸ ಹಡಗುಗಳನ್ನು ನೀರಿಗಿಳಿಸುವಾಗ ಕುಂಡೋದರನೆಂಬ ಭೂತ ಮಗನನ್ನು ಬಲಿ ಕೇಳಿತಂತೆ. ಹೆಂಡತಿ ಒಪ್ಪಲಿಲ್ಲ. ತಂಗಿ ತನ್ನ ಮಗನನ್ನು ಕೊಟ್ಟಳು. ಭೂತ ಮೆಚ್ಚಿ ಹುಡುಗನನ್ನು ಬಿಟ್ಟಿತು, ಅವನು ಭೂತಾಳಪಾಂಡ್ಯನಾದ, ಅಂದಿನಿಂದ ಆಸ್ತಿ ಸೋದರಳಿಯನಿಗೆ. ಇದು ಕತೆ, ಚರಿತ್ರೆಯಲ್ಲ. ನನಗಂತೂ ಈ ಕತೆ ಸೇರುವುದೇ ಇಲ್ಲ. ಮಗನನ್ನು ಕೊಡುವುದಿಲ್ಲ ಎಂದ ಹೆಂಡತಿ ಮಾಡಿದ ತಪ್ಪೇನು? ಹಡಗು ಹೋದರೆ ಹೋಗಲಿ ಎಂದವಳು ತಾಯಿಯೇ ಅಲ್ಲವೇ?

ಇರಲಿ. ಮನೆ ಹೆಣ್ಣಿನದು ಎಂದರೂ ವ್ಯವಹಾರ ಯಜಮಾನನದು. ಕಾನೂನಿನ ಪ್ರಕಾರ ಕುಟುಂಬದ ಹಿರಿಯರು ಹೆಂಗಸಾದರೆ ಅವಳೇ ಯಜಮಾನ್ತಿ ಆಗಬಹುದಿತ್ತು. ನಮ್ಮ ಮನೆಯಲ್ಲಿ ಮಾತ್ರ ಯಾವಾಗಲೂ ಅಜ್ಜಿಯ ಅಣ್ಣನೋ ಸೋದರಮಾವನೋ ಆಗಿರುತ್ತಿದ್ದರು. ಮನೆಯನ್ನು ಪಾಲು ಮಾಡುವಂತಿಲ್ಲ. ಒಬ್ಬರು ಬೇಕೆಂದ ಮಾತ್ರಕ್ಕೆ ಒತ್ತಾಯದಿಂದ ಪಾಲು ಕೇಳುವ ಹಕ್ಕಿಲ್ಲವೆಂದು 1860ರ ದಶಕದಲ್ಲಿಯೇ ಮದರಾಸು ಹೈಕೋರ್ಟು ಹೇಳಿಬಿಟ್ಟಿತ್ತು. ಪಾಲಾಗದ ಮನೆಯನ್ನು ಮಾರುವುದು ಸುಲಭವೇ? ಎಲ್ಲರ ಒಪ್ಪಿಗೆ ಬೇಕು, ಇಲ್ಲವೇ ಕುಟುಂಬಕ್ಕೆ ಬಂದ ಕಷ್ಟದ ಕಾರಣ ಬೇಕು. ಹಾಗಾಗಿ ಹತ್ತಿಪ್ಪತ್ತು ಜನ, ಒಂದೇ ಒಲೆ, ಮುಗಿಯದ ಜಗಳ. ಆ ಗಂಟನ್ನು ಬಿಚ್ಚಿದ್ದು 1949ರ ಮದರಾಸು ಅಳಿಯಸಂತಾನ ಕಾಯಿದೆ. ಒಬ್ಬ ಹೆಂಗಸು, ಅವಳ ಮಕ್ಕಳು, ಹೆಣ್ಣಿನ ಕಡೆಯಿಂದ ಇಳಿದ ಅವಳ ಸಂತತಿ, ಇಷ್ಟು ಸೇರಿದರೆ ಒಂದು 'ಕವರು'. ಕವರು ಕವರಾಗಿ ಪಾಲು ಮಾಡಿಕೊಳ್ಳಬಹುದು ಎಂದಿತು.

ಆದರೆ ಅದರೊಳಗೆ ಒಂದು ಷರತ್ತು. ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು. ಇಲ್ಲದಿದ್ದರೆ ನಿಸ್ಸಂತತಿ ಕವರು. ಬೇರೆ ಕವರುಗಳಲ್ಲಿ ಒಂದಾದರೂ ಸಂತತಿ ಕವರಾಗಿದ್ದರೆ, ನಿಸ್ಸಂತತಿ ಕವರಿಗೆ ಬಂದ ಪಾಲು ಬದುಕಿರುವವರೆಗೆ ಅನುಭವಿಸಲು ಮಾತ್ರ; ಆ ಮೇಲೆ ಸಂತತಿ ಇದ್ದವರಿಗೆ.

ನಮ್ಮ ವಿಭಾಗಪತ್ರದಲ್ಲಿ ಎರಡು ಕವರುಗಳಿದ್ದವು. ಒಂದು ನನ್ನ ಅಜ್ಜಿಯದು: ಅಜ್ಜಿಗೆ ನಲವತ್ತೊಂದು, ನನ್ನ ಅಮ್ಮನಿಗೆ ಹದಿನೇಳು. ಇನ್ನೊಂದು ಅಜ್ಜಿಯ ಅಕ್ಕ, ದೊಡ್ಡಜ್ಜಿಯದು: ಅವರಿಗೆ ಐವತ್ತೆರಡು, ಇಬ್ಬರು ಗಂಡುಮಕ್ಕಳು. ಪಡುಬದಿಯ ಅರ್ಧ ಮನೆ ಅವರ ಪಾಲು. ಮತ್ತು ಅವರ ಹೆಸರಿನ ಮುಂದೆ ಚಂದದ ಅಕ್ಷರದಲ್ಲಿ ಬರೆದಿತ್ತು, 'ನಿಸ್ಸಂತತಿ ಕವರಿನ' ಎಂದು.

ಇಬ್ಬರು ಮಕ್ಕಳನ್ನು ಹೆತ್ತು, ಕಡಲಿಗೆ ಹೋದ ಗಂಡನನ್ನು ಕಳೆದುಕೊಂಡು, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಅವರನ್ನು ಸಾಕಿದವರು ದೊಡ್ಡಜ್ಜಿ. ಅವರು ನಿಸ್ಸಂತತಿ! ಮೂರು ವರ್ಷ ಚಿಕ್ಕವರಾಗಿದ್ದರೆ, ಪತ್ರವನ್ನು ನಾಲ್ಕು ವರ್ಷ ಮೊದಲೇ ಬರೆದಿದ್ದರೆ, ಇಲ್ಲವೇ ಇಬ್ಬರಲ್ಲೊಂದು ಹೆಣ್ಣಾಗಿದ್ದರೆ ಆ ಶಬ್ದ ಬರುತ್ತಿರಲಿಲ್ಲ. ಕಾನೂನು ಮಾಡಿದವರ ಲೆಕ್ಕ ಅರ್ಥವಾಗುವುದಿಲ್ಲವೆಂದಲ್ಲ. ಹೆಣ್ಣಿನಿಂದ ಹೆಣ್ಣಿಗೆ ಹೋಗಬೇಕಾದ ಮನೆ ಹೊರಗೆ ಹೋಗಬಾರದು ಎಂದಿರಬೇಕು. ಹೆಣ್ಣಿಗೆ ಇಷ್ಟು ಬೆಲೆ ಕೊಟ್ಟ ಪದ್ಧತಿಯೇ ಅವಳ ಮುಟ್ಟು ನಿಲ್ಲುವ ಹೊತ್ತಿಗೆ ಅವಳನ್ನು ಲೆಕ್ಕದಿಂದ ತೆಗೆದುಹಾಕಿತಲ್ಲ, ಅದು ನನ್ನನ್ನು ಕೊರೆಯಿತು. ಕಾಗದ ಓದುವಾಗ ನನಗೂ ಅರವತ್ತು ದಾಟಿತ್ತು ನೋಡಿ.

ಚಿಕ್ಕಂದಿನ ಕೆಲವು ಸಂಗತಿಗಳು ಆಗ ಅರ್ಥವಾದವು. ದೊಡ್ಡಜ್ಜಿ ಪಡುಕೋಣೆಯ ಗೋಡೆಗೆ ಮೊಳೆಯೊಂದನ್ನೂ ಹೊಡೆಸಿದವರಲ್ಲ. ಮಾಡು ಸೋರಿದರೆ ಪಾತ್ರೆ ಇಡುತ್ತಿದ್ದರು, ಹೆಂಚು ಬದಲಿಸುತ್ತಿರಲಿಲ್ಲ. ಕೇಳಿದರೆ, "ನಂದೆಂತ ಇತ್ತ್ ಹೆಣ್ಣೇ, ಇಪ್ಪಷ್ಟ್ ದಿನ ಇಪ್ಪುದ್" ಎನ್ನುತ್ತಿದ್ದರು. ನಾನು ಅದನ್ನು ವೈರಾಗ್ಯವೆಂದುಕೊಂಡಿದ್ದೆ. ಅದು ವಿಭಾಗಪತ್ರದ ಕಲಮು! ಪತ್ರದ ಕೊನೆಯಲ್ಲಿ ಇಬ್ಬರ ಹೆಬ್ಬೆಟ್ಟುಗಳಿವೆ. ದೊಡ್ಡಜ್ಜಿಯ ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೆರೆ. ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯುವಾಗ ಆದ ಗಾಯದ ಕಲೆ; ಅವರು ನನ್ನ ತಲೆ ಬಾಚುವಾಗ ಆ ಬೆರಳು ನನಗೆ ಒರಟಾಗಿ ತಾಗುತ್ತಿತ್ತು. ಅವರು ತೀರಿಕೊಂಡದ್ದು 1969ರಲ್ಲಿ. ಹಿರಿಯ ಮಗನಿಗೆ ಮಕ್ಕಳಿರಲಿಲ್ಲ. ಕಿರಿಯ ಮಗ ಮುಂಬಯಿಯಲ್ಲಿ 2009ರಲ್ಲಿ ಹೋದ ಮೇಲೆ ಪಡುಬದಿಯ ಅರ್ಧ ಯಾರೂ ಏನೂ ಮಾಡದೆ ನಮ್ಮದಾಯಿತು. ನಾವು ಅದರ ಬಗ್ಗೆ ಯೋಚಿಸಿಯೂ ಇರಲಿಲ್ಲ.

ಕೊಳ್ಳುವವರ ವಕೀಲರು ಯೋಚಿಸಿದರು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಅಳಿಯಸಂತಾನದವರ ಹಕ್ಕುಗಳೂ ಆ ಕಾನೂನಿನೊಳಗೆ ಬಂದವು. ನಿಸ್ಸಂತತಿ ಕವರಿನ ಪಾಲು ಏನಾಗುತ್ತದೆ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅದೇ ಕಾಯಿದೆಯ 14ನೆಯ ಕಲಮು, ಹೆಂಗಸಿನ ಕೈಯಲ್ಲಿರುವ ಆಸ್ತಿಗೆ ಅವಳು ಪೂರ್ಣ ಒಡತಿ ಎನ್ನುತ್ತದೆ. ದೊಡ್ಡಜ್ಜಿ 1956ರಲ್ಲಿ ಬದುಕಿದ್ದರು, ಪಡುಕೋಣೆಯಲ್ಲಿಯೇ ಇದ್ದರು. "ಹಾಗಾಗಿ ಅವರ ಪಾಲು ಪೂರ್ಣವಾಗಿ ಅವರದೇ ಆಗಿತ್ತೆಂದು ವಾದಿಸುವವರು ವಾದಿಸಬಹುದಿತ್ತು ಮೇಡಂ. ಯಾರೂ ವಾದಿಸಲಿಲ್ಲ, ಅಷ್ಟೆ. ಅವರ ಮೊಮ್ಮಕ್ಕಳ ಸಹಿಯೂ ಇದ್ದರೆ ನಮಗೆ ಧೈರ್ಯ" ಎಂದರು.

ಅಣ್ಣನಿಗೆ ಇದು ಬಹಳ ಸಣ್ಣ ವಿಷಯವಾಗಿ ಕಂಡಿತು. ಮುಂಬಯಿಗೆ ಫೋನ್ ಮಾಡುವುದು, ಹೋಗಿಬರುವ ಖರ್ಚು ಕೊಡುವುದು, ಒಂದು ಸಹಿ ಹಾಕಿಸಿಕೊಳ್ಳುವುದು. ಯಾಕೆ ಸಹಿ ಎಂದು ಕೇಳಿದರೆ 'ಫಾರ್ಮಾಲಿಟಿ' ಎನ್ನುವುದು. ನಾನು ಆಗುವುದಿಲ್ಲ ಎಂದೆ. "ಏನಕ್ಕೆ ಸಹಿ ಎಂದು ಹೇಳಿಯೇ ಕೇಳಬೇಕು."

"ಎಂತಕ್ ಬೇಕಿತ್ತ್ ಮಾರಾಯ್ತಿ ಇದೆಲ್ಲ? ಕಾನೂನಿನಲ್ಲಿ ಅವರದ್ದೇನೂ ಇಲ್ಲ."

"ಇಲ್ಲದಿದ್ದರೆ ಸಹಿ ಯಾಕೆ?"

ಇದಕ್ಕೆ ಅವನು ಉತ್ತರ ಕೊಡಲಿಲ್ಲ; ಎರಡು ವಾರ ಫೋನೂ ಮಾಡಲಿಲ್ಲ. ಅರವತ್ತು ದಾಟಿದ ಅಣ್ಣತಂಗಿಯರ ಜಗಳ ಮಕ್ಕಳ ಜಗಳದಂತೆ ಸಂಜೆಗೆ ಮುಗಿಯುವುದಿಲ್ಲ. ಅಕ್ಕ ಮೊದಲು ಇಬ್ಬರ ಪರವಾಗಿಯೂ ತಲೆಯಾಡಿಸಿದಳು. ಆಮೇಲೆ ಒಂದು ರಾತ್ರಿ ಅವಳಾಗಿಯೇ ಫೋನ್ ಮಾಡಿ, ದೊಡ್ಡಜ್ಜಿ ತನಗೆ ಮೊದಲ ಸೀರೆ ಉಡಿಸಿದ್ದನ್ನು ನೆನಪು ಮಾಡಿಕೊಂಡು, "ಬರಿ, ಎಲ್ಲ ಬರಿ" ಎಂದಳು.

ಧನುರ್ಮಾಸದ ಆ ದಿನಗಳಲ್ಲಿ ನಾನು ಕೋಡಿಯಲ್ಲೇ ಇದ್ದೆ. ಇನ್ನೂ ಕತ್ತಲಿರುವಾಗಲೇ ದೇವಸ್ಥಾನದ ಗಂಟೆ ಕೇಳುತ್ತಿತ್ತು. ಜಗಲಿಯಲ್ಲಿ ಕೂತು ಮುಂಬಯಿಯ ಆ ಅಣ್ಣತಂಗಿಗೆ ಆರು ಪುಟದ ಕಾಗದ ಬರೆದು, ವಿಭಾಗಪತ್ರದ ಜೆರಾಕ್ಸ್ ಸೇರಿಸಿ ಕಳಿಸಿದೆ. ಹೊತ್ತು ಹೋಗದಾಗ ಕಡಲ ಬದಿಗೆ ನಡೆಯುತ್ತಿದ್ದೆ. ನಮ್ಮ ದಂಡೆಗೆ ಈ ಚಳಿಯ ತಿಂಗಳುಗಳಲ್ಲಿ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. ಮೊಟ್ಟೆ ಸಿಕ್ಕಲ್ಲಿ ಬೇಲಿ ಕಟ್ಟಿ ಕಾಯುತ್ತಾರೆ. ಹೆಣ್ಣಾಮೆ ಎಷ್ಟೋ ವರ್ಷ ಕಡಲಲ್ಲಿ ತಿರುಗಿ, ತಾನು ಹುಟ್ಟಿದ ದಂಡೆಯ ಕಡೆಗೇ ಮೊಟ್ಟೆಯಿಡಲು ಮರಳುತ್ತದಂತೆ. ಚೊಚ್ಚಲ ಹೆರಿಗೆಗೆ ನಾನೂ ಹೀಗೆಯೇ ಬಂದಿದ್ದೆ, ಪಡುಕೋಣೆಯ ಪಕ್ಕದ ಕೋಣೆಗೆ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಇಬ್ಬರೂ ಬಂದರು. ಅವನು ಮನೆಯೆಲ್ಲ ಸುತ್ತಾಡಿದ, ಬಾವಿಗೆ ಇಣುಕಿದ, ಫೋಟೋ ತೆಗೆದ. ದುಡ್ಡಿನ ಮಾತು ಬಂದಾಗ ಸಂಕೋಚದಿಂದ, "ಅದೆಲ್ಲ ತಂಗಿಯನ್ನೇ ಕೇಳಿ. ನಮ್ಮಲ್ಲಿ ಮನೆ ಹೆಣ್ಣಿನದಲ್ಲವೇ?" ಎಂದ. ನಕ್ಕೆವು. ಅಕ್ಕ ಮತ್ತು ನಾನು ನಮ್ಮ ನಮ್ಮ ಪಾಲಿನ ಅರ್ಧ ತೆಗೆದಿಡುವುದೆಂದು ಮಾತಾಡಿಕೊಂಡಿದ್ದೆವು. ಪಡುಬದಿಯೆಂದರೆ ಅರ್ಧ ಮನೆ ತಾನೆ. ಅಣ್ಣನ ಪಾಲು ಅವನ ಮನಸ್ಸಿಗೆ ಬಿಟ್ಟದ್ದು. ಅವಳು ಬೇಡವೆನ್ನುತ್ತಾಳೆ, ನಾವು ಒತ್ತಾಯ ಮಾಡಬೇಕಾಗುತ್ತದೆ ಎಂದುಕೊಂಡಿದ್ದೆ. ಅವಳು ಬೇಡವೆನ್ನಲಿಲ್ಲ.

"ತೆಗೆದುಕೊಳ್ಳುತ್ತೇನೆ ಅತ್ತೆ. ಬೇಡ ಅನ್ನಲು ಅದು ನನ್ನದಲ್ಲ, ಅಜ್ಜಿಯದು" ಎಂದಳು. ಒಂದು ಕ್ಷಣ ನನಗೆ ಕಸಿವಿಸಿಯಾದದ್ದು ನಿಜ. ಕೊಡುವವಳೆಂಬ ಹೆಮ್ಮೆ ನನ್ನೊಳಗೆ ಅಷ್ಟು ಹೊತ್ತಿಗೆ ಬೆಳೆದಿತ್ತು. ಅವಳು ಅದನ್ನು ಕಡಿದು ಹಾಕಿದಳು. ಆಮೇಲೆ ದೊಡ್ಡಜ್ಜಿಯ ಹೆಬ್ಬೆಟ್ಟು ತೋರಿಸಿದೆ. ಬಿಳಿ ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತಳು.

ಉಳಿದದ್ದೆಲ್ಲ ಬೇಗ ಮುಗಿಯಿತು. ನಾಗಬನದ ಒಂದು ಸೆಂಟು ಜಾಗ ಮತ್ತು ಅಲ್ಲಿಗೆ ಹೋಗುವ ದಾರಿಯನ್ನು ಕ್ರಯದಿಂದ ಹೊರಗಿಡಬೇಕೆಂದೆವು. ಕೊಳ್ಳುವವರು ಮಾತಾಡದೆ ಒಪ್ಪಿದರು. ನಾಗನನ್ನು ಮಾರಲಾಗುತ್ತದೆಯೇ? ಅಷ್ಟಭೋಗದಲ್ಲಿಯೂ ಅವನ ಹೆಸರಿಲ್ಲ. ಪತ್ರ ಬರೆಯುವವರ ಹತ್ತಿರ ನಾನೊಂದು ಬೇಡಿಕೆ ಇಟ್ಟೆ: ಮನೆಯ ಪೂರ್ವಚರಿತ್ರೆ ಬರೆಯುವಲ್ಲಿ 'ನಿಸ್ಸಂತತಿ' ಎಂಬ ಶಬ್ದ ಬಿಟ್ಟು, ದೊಡ್ಡಜ್ಜಿಯ ಹೆಸರನ್ನಷ್ಟೇ ಬರೆಯಬಹುದೇ? ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳೆಯ ಪತ್ರದಲ್ಲಿ ಇದ್ದದ್ದು ಇದ್ದ ಹಾಗೆ ಬರಬೇಕಮ್ಮ. ಇಲ್ಲದಿದ್ದರೆ ನಾಳೆ ಬ್ಯಾಂಕಿನವರು ಕೇಳುತ್ತಾರೆ." ಹಾಗಾಗಿ ಆ ಶಬ್ದ ಕಂಪ್ಯೂಟರಿನಲ್ಲಿ ಇನ್ನೊಮ್ಮೆ ಅಚ್ಚಾಯಿತು. ಅದರ ಕೆಳಗಿನ ಸಾಲಿನಲ್ಲಿ, ಸದರಿಯವರ ಮೊಮ್ಮಗ ಮತ್ತು ಮೊಮ್ಮಗಳು ಎಂದು ಇಬ್ಬರ ಹೆಸರು.

ಸಂಕ್ರಾಂತಿ ಕಳೆದ ವಾರ ಕುಂದಾಪುರದಲ್ಲಿ ನೋಂದಣಿ. ಈಗ ಶಾಯಿಯಿಲ್ಲ, ಗಾಜಿನ ಮೇಲೆ ಎಡಗೈ ಹೆಬ್ಬೆಟ್ಟು ಒತ್ತಬೇಕು. ಅಕ್ಕನ ಬೆರಳಿನ ಗೆರೆಗಳು ಸವೆದು ಯಂತ್ರ ಹಿಡಿಯಲೇ ಇಲ್ಲ. ಮೂರು ಸಲ ಒರೆಸಿ ಒತ್ತಿಸಿದರು. ಅಣ್ಣ ನನ್ನ ಹತ್ತಿರ ಮಾತಾಡಲಿಲ್ಲ, ಆದರೆ ಮುಂಬಯಿಯವರಿಗೆ ಹೋಟೆಲಿನಲ್ಲಿ ಊಟ ಕೊಡಿಸಿದ. ಅವನ ಪಾಲಿನಿಂದ ಏನಾದರೂ ಕೊಟ್ಟನೋ ಇಲ್ಲವೋ ನಾನು ಇದುವರೆಗೆ ಕೇಳಿಲ್ಲ.

ಕೀಲಿ ಕೊಡುವ ಮೊದಲು ಅವಳು ಒಂದು ಸಾಮಾನು ಕೇಳಿದಳು, ದೊಡ್ಡಜ್ಜಿಯ ಅರೆಯುವ ಕಲ್ಲು. ಇಬ್ಬರು ಗಂಡಸರು 'ಹಂ' ಎನ್ನುತ್ತ ಎತ್ತಬೇಕಾದ ಕಲ್ಲು! ಫ್ಲ್ಯಾಟಿನ ಮೂರನೆಯ ಮಹಡಿಯಲ್ಲಿ ಅದನ್ನು ಎಲ್ಲಿಡುತ್ತಾಳೆಂದು ಅವಳ ಅಣ್ಣ ತಲೆ ಮೇಲೆ ಕೈ ಹೊತ್ತುಕೊಂಡ. ಮುಂಬಯಿಗೆ ಹೋಗುವ ಲಾರಿಯೊಂದನ್ನು ಹುಡುಕಿ, ಗೋಣಿ ಸುತ್ತಿ, ಹಗ್ಗ ಬಿಗಿದು, ವಿಳಾಸದ ಚೀಟಿಯನ್ನು ನಾನೇ ಬರೆದು ಅಂಟಿಸಿದೆ.